ಕರೆಯದೆ ಕೊಟ್ಟದ್ದು

ಓಲೆಸುಂಡ್‌ನಲ್ಲಿ ಫೆಬ್ರುವರಿ. ಬೆಳಗಿನ ಎಂಟಾದರೂ
ಬಂದರಿನ ದೀಪಗಳು ಆರಿಲ್ಲ.
ಮೀನಿನ ಕಾರ್ಖಾನೆಯ ಅಟ್ಟದ ಕೋಣೆಯಲ್ಲಿ
ಟೋರುನ್ ವಿಂಗಡಿಸುವ ಯಂತ್ರಕ್ಕೆ ಬುದ್ಧಿ ಬರೆಯುತ್ತಿದ್ದಾಳೆ.

ಕೆಳಗಿಂದ ಮೇಸ್ತ್ರಿ ಹಾಲ್ವರ್ ಕೂಗುತ್ತಾನೆ:
ಇವತ್ತು ತೂಕ ನೋಡಿ ಸಾಲು ಹಚ್ಚು,
ನಾಳೆ ಉದ್ದ. ಪೋರ್ಚುಗಲ್‌ನವರು ಬಂದರೆ
ಲೆಕ್ಕವೇ ಬೇರೆ.

ಅವಳ ಹಳೆಯ ಭಾಷೆಯಲ್ಲಿ ಎಲ್ಲವೂ ವಸ್ತು.
ಕ್ರಿಯೆ ಒಂಟಿಯಾಗಿ ಹೊಸ್ತಿಲು ದಾಟುವಂತಿರಲಿಲ್ಲ,
ಅದಕ್ಕೊಂದು ಕ್ಲಾಸು, ಮೇಲೊಂದು ಕೋಟು.
ತೂಗುವುದಕ್ಕೆ ಒಬ್ಬ ತೂಗುವವ,
ಅಳೆಯುವುದಕ್ಕೆ ಇನ್ನೊಬ್ಬ ಅಳೆಯುವವ,
ಒಂದು ಸಾಲಿನ ಕೆಲಸಕ್ಕೆ ಹನ್ನೆರಡು ಸಾಲಿನ ಮನೆ.
ನಾವಾದರೆ ನೋಡು ಎಂಬುದನ್ನು ನೋಟ ಮಾಡಿದೆವು,
ಓಡು ಎಂಬುದನ್ನು ಓಟ;
ಒಂದು ಟಕಾರ ಸಿಕ್ಕಿಸಿ ಕ್ರಿಯಾಪದವನ್ನು
ಅಂಗೈಗೆ ಇಟ್ಟುಬಿಟ್ಟೆವು.

ಕಳೆದ ವರ್ಷ ಭಾಷೆ ಬದಲಾಯಿತು.
ಈಗ ಫಂಕ್ಷನ್ನನ್ನೇ ಕೈಯಿಂದ ಕೈಗೆ ದಾಟಿಸಬಹುದು.
ಮೊದಲ ದಿನವೇ ಎಡವಿದಳು. ಹೆಸರಿನ ಬೆನ್ನಿಗೆ
ಒಂದು ಜೊತೆ ಖಾಲಿ ಕಂಸ.
ಖಾಲಿಯೆಂದರೆ ಖಾಲಿಯಲ್ಲ, ಅದೇ ಕರೆ.
ಫಂಕ್ಷನ್ನು ಅಲ್ಲೇ ಓಡಿ, ಅಲ್ಲೇ ಮುಗಿದು,
ಯಂತ್ರದ ಕೈಗೆ ಬಿದ್ದದ್ದು ಬರೀ ಒಂದು ಸೊನ್ನೆ.
ಅಡುಗೆ ಹೇಳಿಕೊಡು ಎಂದರೆ
ಉಂಡ ತಟ್ಟೆ ಕಳಿಸಿದ ಹಾಗೆ.

ಮರುವಾರ ತಕ್ಕಡಿಯ ಒಳಗಿಂದ ತೂಗು ಎಂಬುದನ್ನಷ್ಟೇ
ಬಿಡಿಸಿ ಕೊಟ್ಟಳು. ಅದು ಹೋಯಿತು, ನಿಂತಿತು,
ನನ್ನ ಬಟ್ಟು ಎಲ್ಲಿ ಎಂದು ತಡಕಿತು.
ನನ್ನ ಎಂದರೆ ಯಾರದು, ಮರೆತುಹೋಗಿತ್ತು.
ರಾತ್ರಿ ಹನ್ನೊಂದರವರೆಗೆ ಕೂತು
ಅದರ ಒಡೆಯನನ್ನು ಅದರ ಸೊಂಟಕ್ಕೆ ಕಟ್ಟಿದಳು.

ಹಾಲ್ವರ್‌ಗೆ ಸೋಮವಾರ ಮಂಡಿಯ ಆಪರೇಷನ್.
ಶುಕ್ರವಾರ ಸಂಜೆ ಬೂಟಿನಲ್ಲೇ ಮೆಟ್ಟಿಲೇರಿ ಬಂದ,
ತೆಕ್ಕೆಯಲ್ಲಿ ಒಂದು ಕಾಡ್ ಮೀನು.
ಇನ್ನೊಂದು ಉಳಿದಿದೆ, ಇದನ್ನೂ ಬರೆದುಕೋ ಎಂದು
ಕಿವಿರಿನ ಹಿಂದೆ ಹೆಬ್ಬೆರಳು ಒತ್ತಿದ.
ಗುಂಡಿ ಬಿತ್ತು. ಮೆಲ್ಲಗೆ ತುಂಬಿಕೊಂಡಿತು.
ಎಷ್ಟು ಒತ್ತಬೇಕು? ಸಾಕಷ್ಟು.
ಎಷ್ಟು ಹೊತ್ತು? ಗೊತ್ತಾಗುವವರೆಗೆ.
ಅವಳ ಬೆರಳು ಕೀಲಿಗಳ ಮೇಲೆ ಸುಮ್ಮನಿದ್ದವು.

ಅವನು ಕೆಳಗಿಳಿದು ರಿಮಂತಾಸ್‌ನನ್ನು ಕರೆದ,
ಕ್ಲೈಪೇಡಾದಿಂದ ಬಂದು ಮೂರು ವಾರವಷ್ಟೇ ಆದ ಹುಡುಗ.
ಅವನ ಕೈಗವಸು ಬಿಚ್ಚಿಸಿ,
ಹೆಬ್ಬೆರಳ ಮೇಲೆ ತನ್ನ ಹೆಬ್ಬೆರಳಿಟ್ಟು
ಒತ್ತಿದ. ಹೀಗೆ.
ಇಬ್ಬರ ನಡುವೆ ಪೂರ್ತಿ ಭಾಷೆಯಿರಲಿಲ್ಲ.

ಸೋಮವಾರ ಬೆಲ್ಟು ಓಡುತ್ತಿದೆ. ಯಂತ್ರ
ತೂಕ ಕೇಳಿ, ಉದ್ದ ಕೇಳಿ, ಮೂರನೆಯದಕ್ಕೆ ನಿಲ್ಲುತ್ತದೆ:
ಟೋರುನ್ ಅಲ್ಲೊಂದು ಹೆಸರು ಬರೆದಿದ್ದಾಳೆ,
ಪಕ್ಕದಲ್ಲಿ ಕಂಸವಿಲ್ಲ.
ಕೆಳಗೆ ರಿಮಂತಾಸ್ ಬಗ್ಗಿ ಒತ್ತುತ್ತಾನೆ,
ಕಾಯುತ್ತಾನೆ.
ಯಾರ ಹೆಬ್ಬೆರಳು ಎಂದು ಮೀನು ಕೇಳುವುದಿಲ್ಲ.