ಅಚ್ಚು ಬಿಟ್ಟ ಮೇಲೆ

ಕೂತ್ಕೊ ದಾಲಿಬೊರ್, ಆ ಸ್ಟೂಲು ಗಟ್ಟಿಯಿದೆ.
ಕೋಟು ತೆಗೆಯಬೇಡ, ಹೀಟರು ಕೆಟ್ಟು ವಾರವಾಯ್ತು,
ಕ್ರೆಮ್ನಿಟ್ಸದ ಮಾರ್ಚಿಗೆ ವಸಂತವೆಂಬುದು ಕ್ಯಾಲೆಂಡರಿನ ಮಾತು.
ಕೊಡು ಇಲ್ಲಿ. ಅಂಗೈಗಲ್ಲ, ಬಟ್ಟೆಯ ಮೇಲಿಡು.
ಹಿಡಿಯುವುದಾದರೆ ಅಂಚು ಹಿಡಿ, ಮುಖ ಮುಟ್ಟಬೇಡ.

ಮೂವತ್ತೊಂದು ವರ್ಷ ಟಂಕಸಾಲೆಯಲ್ಲಿ
ತಪ್ಪು ಹೆಕ್ಕುವುದೇ ನನ್ನ ಕೆಲಸ.
ಮಸೂರದಲ್ಲಿ ಕಲ್ಲು ಆರಿಸುವ ಹಾಗೆ
ಬೆಲ್ಟಿನ ಮೇಲೆ ಹರಿದು ಬರುವ ಹಳದಿ ಕೊರುನಾಗಳಲ್ಲಿ
ಕುಂಟು, ಕುರುಡು, ಅರೆಬೆಂದದ್ದನ್ನು ತೆಗೆದು ತೊಟ್ಟಿಗೆ ಹಾಕಿದೆ;
ತೊಟ್ಟಿಯಿಂದ ಕುಲುಮೆಗೆ.
ಈಗ ಜನ ಅದನ್ನೇ ಹುಡುಕಿಕೊಂಡು ಬರುತ್ತಾರೆ,
ತಪ್ಪಿಗೆ ದುಡ್ಡಂತೆ, ಸರಿಗೆ ಕಿಲೋ ಲೆಕ್ಕ.

ಹುಟ್ಟಿದ ತಪ್ಪು ಬೇರೆ, ಹಚ್ಚಿದ ತಪ್ಪು ಬೇರೆ.
ಅಚ್ಚು ಬಿರಿದರೆ ಆ ಬಿರುಕಿಗೆ ಲೋಹ ನುಗ್ಗಿ
ನಾಣ್ಯದ ಮೈಮೇಲೆ ನರದ ಹಾಗೆ ಉಬ್ಬಿ ನಿಲ್ಲುತ್ತದೆ.
ಮೊಳೆಯಿಂದ ಗೀಚಿದ್ದು ಉಬ್ಬುವುದಿಲ್ಲ, ಇಳಿಯುತ್ತದೆ,
ಇಕ್ಕೆಲದಲ್ಲಿ ಉತ್ತ ಮಣ್ಣಿನಂತೆ ಲೋಹ ಎದ್ದಿರುತ್ತದೆ.
ಬಿಲ್ಲೆಯೇ ತುಂಡಾಗಿ ಬಂದಿದ್ದರೆ
ಕಚ್ಚಿದ ಜಾಗದ ಎದುರಂಚೂ ಮಂಕಾಗುತ್ತದೆ,
ಒಂದು ಕಡೆ ಹಲ್ಲು ಬಿದ್ದು ಇನ್ನೊಂದು ಕಡೆ ಕೆನ್ನೆ ಕುಗ್ಗಿದ ಹಾಗೆ.
ಅರದಿಂದ ಉಜ್ಜಿ ಕಚ್ಚಿದವನಿಗೆ
ಎದುರಂಚಿನ ನೆನಪಿರುವುದಿಲ್ಲ.
ಕಳ್ಳನಿಗೆ ಒಂದು ದಿಕ್ಕು, ಏಟಿಗೆ ಎಲ್ಲ ದಿಕ್ಕು.

ನಿನ್ನದು ನೋಡೋಣ.
ಈ ಕಡೆ ಸಿಂಹ, ಉಬ್ಬಿದೆ, ಸರಿಯಿದೆ, ಕೆಳಗೆ ೧೯೭೦.
ಆ ಕಡೆಯೂ ಅದೇ ಸಿಂಹ, ಒಳಕ್ಕಿಳಿದಿದೆ, ಕನ್ನಡಿಯಲ್ಲಿ ಕಂಡಂತೆ.
ಅಪ್ಪ ಏನೆಂದಿದ್ದ?
“ನೀನು ಹುಟ್ಟಿದ ರಾತ್ರಿ ಪ್ರೆಸ್ಸು ಎಡವಿತು, ಎತ್ತಿಟ್ಟುಕೊಂಡೆ” ಅಂತಲೇ?
ಅಂಥದ್ದು ಉಂಟು. ಹೊಡೆದ ನಾಣ್ಯ ಅಚ್ಚಿಗೇ ಅಂಟಿ ಕೂತರೆ
ಮುಂದೆ ಬಂದ ಬಿಲ್ಲೆಗೆ ಅಚ್ಚಿನ ಬದಲು ಅದೇ ಬಡಿಯುತ್ತದೆ.
ನಿಜವಾದರೆ ಪ್ರಾಗಿನಲ್ಲಿ ಯಾರಾದರೂ
ನಿನ್ನ ಹಳೇ ಸ್ಕೋಡಾಕ್ಕೆ ನಾಲ್ಕು ಹೊಸ ಟೈರಿನಷ್ಟು ಕೊಟ್ಟಾರು.

ಭೂತಗನ್ನಡಿ ಹಿಡಿ. ಸಿಂಹದ ಹೊಟ್ಟೆಯ ಕೆಳಗೆ
ಕಾಣಿಸಿತೇ ಮಂಡಿ? ಚಪ್ಪಟೆಯಾದ ಒಂದು ಮಂಡಿ.
ಅವಳೇ. ಲಿಂಡನ್ ಸಸಿ ನೆಡುತ್ತ ಮಂಡಿಯೂರಿದವಳು,
ನಮ್ಮೆಲ್ಲರ ಜೇಬಿನಲ್ಲಿ ಮೂವತ್ತು ವರ್ಷ ಅದೊಂದೇ ಸಸಿ ನೆಟ್ಟವಳು.
ನಿಜದ ತಪ್ಪಿನಲ್ಲಿ ಅವಳು ಇರುತ್ತಲೇ ಇರಲಿಲ್ಲ.
ಇಲ್ಲಿ ಮೊದಲು ಅವಳಿದ್ದಳು, ಆಮೇಲೆ ಸಿಂಹ ಬಂದು ಒತ್ತಿತು.
ಎರಡು ನಾಣ್ಯ, ಒಂದು ವೈಸು, ಒಬ್ಬ ಗಂಡಸಿನ ತೋಳು.
ಈ ಕಡೆ ಗಾಯವಾಗದಿರಲೆಂದು ತೊಗಲಿಟ್ಟಿದ್ದಾನೆ, ನಾಜೂಕಿನ ಕೈ.
ಇಸವಿ ಓದು, ಬಲದಿಂದ ಎಡಕ್ಕೆ: ೧೯೭೬.
ಒಂದೇ ಏಟಿಗೆ ಎರಡು ವರ್ಷ ಹುಟ್ಟುವುದಿಲ್ಲ, ಮಗು.

ಮುಖ ಸಣ್ಣಗೆ ಮಾಡಬೇಡ. ಕೇಳು.
ನಿನಗೆ ಎರಡು ತುಂಬಿದ ವರ್ಷ ಒಂದು ಕಾಗದ ಬಂತು,
ಊಟದ ಹೊತ್ತಿನಲ್ಲಿ, ಏಳು ಜನ ಸಹಿ ಮಾಡಿದೆವು:
ಪ್ರೆಸ್ ಹಾಲಿನ ಇಮ್ರಿಖ್ ಶ್ವೆಂಡಾ
ಕೆಟ್ಟ ನಾಣ್ಯ ಹೊರಗೆ ಸಾಗಿಸುತ್ತಾನಂತೆ,
ಮನೆಯಲ್ಲೊಂದು ಇದೆಯಂತೆ, ನೆರೆಯವರು ಕಂಡಿದ್ದಾರಂತೆ.
ಆ ಅಂತೆಗಳ ಕೆಳಗೆ ಐದನೆಯ ಸಹಿ ನನ್ನದು.
ಆಗಲೂ ನನ್ನ ಜೇಬಿನಲ್ಲಿ ಇದೇ ಭೂತಗನ್ನಡಿ ಇತ್ತು.
ಮರುವಾರ ಅವನನ್ನು ಬಾಯ್ಲರ್ ಕೋಣೆಗೆ ಇಳಿಸಿದರು.
ಆಮೇಲಿನ ಕೆಮ್ಮು ನೀನೇ ಕೇಳಿ ಬೆಳೆದದ್ದು.

ಇದನ್ನು ತಂದು ಮೇಜಿನ ಮೇಲಿಟ್ಟಿದ್ದರೆ ಅರ್ಧ ನಿಮಿಷದ ಕೆಲಸ.
ತರಲಿಲ್ಲ. ಮಗನಿಗೆ ಹೇಳಿದ ಕಥೆ ಒಡೆದೀತೆಂದೋ,
ತಾ ಎಂದು ಯಾರೂ ಕೇಳಲಿಲ್ಲವೆಂದೋ.

ಲಕೋಟೆಯ ಮೇಲೆ ಬರೆಯಬೇಕಾದ್ದು ಒಂದೇ ಸಾಲು:
“ಟಂಕಸಾಲೆಯ ತಪ್ಪಲ್ಲ. ಹೊರಗೆ ಮಾಡಿದ್ದು.”
ಬರೆದು ಸಹಿ ಹಾಕುತ್ತೇನೆ. ಈ ಸಲ ನೋಡಿ ಹಾಕುತ್ತಿದ್ದೇನೆ.
ಬೆಲೆಯೇ? ಇಲ್ಲ.
ಟೈರಿಗೆ ಬೇರೆ ದಾರಿ ಹುಡುಕು.

೧೯೭೦ ಯಾಕೆಂದು ಕೇಳಬೇಡ, ಕೈಗೆ ಸಿಕ್ಕಿದ್ದಿರಬೇಕು.
೧೯೭೬ ಮಾತ್ರ ಹುಡುಕಿ ತಂದದ್ದು, ಆಗಷ್ಟೇ ಹೊಸದು, ಅಂಕಿಗಳು ಚೂಪು.
ದೀಪ ಸರಿಸಬೇಡ, ಇರಲಿ.
ಅಂಚು ಇನ್ನೂ ನೋಡಿಲ್ಲ ನಾನು.