ಉಪ್ಪಿನ ಪಾಳಿ

ಡುಲೂತ್, ಜನವರಿ. ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ.
ಒಳಗೆ, ಒಂಬತ್ತನೇ ಹಾಸಿಗೆಯಲ್ಲಿ, ಇಪ್ಪತ್ತೇಳು ಮೇಲೆ.
ಎರಡೂ ಅಂಕಿಯೇ. ಒಂದಕ್ಕಾದರೆ ಕೋಟು ಹಾಕಬಹುದು.

ಆರ್ವಿಡ್ ನಿಯೆಮಿ, ಐವತ್ತೆಂಟು,
ಕೌಂಟಿಯ ಹಿಮ ಗೋರುವ ಲಾರಿಯ ಚಾಲಕ.
ಮೂವತ್ತು ಚಳಿಗಾಲ ಊರ ಇಳಿಜಾರಿಗೆಲ್ಲ ಉಪ್ಪು ಎರಚಿದವನು
ತನ್ನದೇ ಲಾರಿಯ ಮೆಟ್ಟಿಲಿನಿಂದ ಜಾರಿದ.
ಬಿದ್ದದ್ದು ಮೂರಡಿ. ಸಾಕಾಯಿತು.

ಕೈ ಊದಿದರೆ ಬಳೆ ಒಡೆಯಬಹುದು,
ಕಾಲು ಊದಿದರೆ ಚಪ್ಪಲಿ ಬಿಡಬಹುದು,
ಮಿದುಳು ಊದಿದರೆ ಎಲ್ಲಿಗೆ ಹೋದೀತು?
ಬುರುಡೆಗೆ ಪಡಸಾಲೆಯಿಲ್ಲ, ಹಿತ್ತಲಿಲ್ಲ.
ಇರುವುದೊಂದೇ ದಾರಿ, ಕೆಳಕ್ಕೆ,
ಉಸಿರಿನ ಬೇರಿರುವಲ್ಲಿಗೆ.
ಆ ದಾರಿ ಹಿಡಿಯದಂತೆ ಕಾಯುವುದಕ್ಕೆ ನನಗೆ ಸಂಬಳ.

ಕಾಯುವುದೆಂದರೆ ಸಣ್ಣ ಪುಟ್ಟ ಕೆಲಸ.
ತಲೆದೆಸೆ ಮೂವತ್ತು ಡಿಗ್ರಿ. ಕತ್ತು ನೆಟ್ಟಗೆ,
ಕೊರಳಪಟ್ಟಿಗೂ ಚರ್ಮಕ್ಕೂ ಎರಡು ಬೆರಳ ಸಂದು.
ಕೆಮ್ಮಬಾರದು. ನಡುಗಬಾರದು. ಜ್ವರ ಏರಬಾರದು.
ಕನಸೂ ಬೇಡವೆಂದು ಪ್ರೊಪೊಫಾಲ್, ಹಾಲಿನಷ್ಟು ಬಿಳಿ.
ಗಂಟೆಗೊಮ್ಮೆ ರೆಪ್ಪೆ ಎತ್ತಿ ಟಾರ್ಚು ಬಿಡುತ್ತೇನೆ:
ಬಲಗಡೆ ಮೂರು ಮಿಲಿಮೀಟರು, ಎಡಗಡೆ ಮೂರು,
ಎರಡೂ ಕುಗ್ಗುತ್ತವೆ. ಬರೆದುಕೊಳ್ಳುತ್ತೇನೆ.
ನೆತ್ತಿಯಿಂದ ಇಳಿದ ನಳಿಕೆಯಲ್ಲಿ ನಸುಗೆಂಪು ನೀರು
ತೊಟ್ಟು. ತಡೆದು, ಮತ್ತೊಂದು ತೊಟ್ಟು.

ಸಂಜೆಯ ಮ್ಯಾನಿಟಾಲ್ ಬಾಟಲಿಯಲ್ಲಿ ಹರಳು ಕಟ್ಟಿತ್ತು.
ಔಷಧಕ್ಕೂ ಈ ಊರಿನ ಚಳಿ ತಟ್ಟುತ್ತದೆ.
ಬಿಸಿ ಪೆಟ್ಟಿಗೆಯಲ್ಲಿಟ್ಟು ಕರಗಿಸಿ, ಆರಿಸಿ, ಸೋಸಿ ಬಿಟ್ಟೆ.
ಅಂಕಿ ಹತ್ತೊಂಬತ್ತಕ್ಕೆ ಇಳಿದು
ಎರಡು ತಾಸು ಹೇಳಿದ ಮಾತು ಕೇಳಿತು.
ಆಮೇಲೆ ಹಟ.

ಎರಡೂಕಾಲಿಗೆ ಡಾಕ್ಟರ್ ಬ್ರಾಂಡ್‌ವೋಲ್ಡ್ ಬಂದು
ಪರದೆಯ ಗೆರೆ ನೋಡಿ ಒಂದೇ ಪದ ಆಡಿದಳು:
ಉಪ್ಪು.

ಶೇಕಡಾ ಇಪ್ಪತ್ತಮೂರು, ಮೇಲೆ ಚಿಲ್ಲರೆ. ಮೂವತ್ತು ಎಂ.ಎಲ್.
ಕೈಯ ನರಕ್ಕೆ ಕೊಟ್ಟರೆ ನರವೇ ಸುಡುತ್ತದೆ,
ಎದೆಯ ದೊಡ್ಡ ನಾಳಕ್ಕೆ, ಗಡಿಯಾರ ನೋಡುತ್ತ, ನಿಧಾನ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಿದ್ದಳು ಅವ್ವ,
ಪೇಪರಿನಲ್ಲಿ ಯಾವನೋ ಲಂಚಕೋರ ಸಿಕ್ಕಿಬಿದ್ದಾಗೆಲ್ಲ.
ಇಲ್ಲಿ ಕುಡಿಯುವುದು ರಕ್ತ,
ಊದಿದ ಮಿದುಳಿನಿಂದ.

ಗದಗಿನ ಅಡುಗೆಮನೆಯಲ್ಲಿ ಅವಳೇ
ಹಾಗಲಕಾಯಿ ಬಿಲ್ಲೆಗೆ ಉಪ್ಪು ಸವರಿ
ತಾಟನ್ನು ಗೋಡೆಗೆ ಓರೆ ಮಾಡಿ ಇಡುತ್ತಿದ್ದಳು.
ಕಹಿನೀರು ತಾನಾಗಿ ಮೂಲೆಗೆ ಇಳಿಯುತ್ತಿತ್ತು.
‘ಹಿಂಡಬ್ಯಾಡ, ಮುರೀತಾವ. ಉಪ್ಪಿಗೆ ಹೊತ್ತು ಕೊಡು.’
ಹೊತ್ತು ಕೊಡುತ್ತಿದ್ದೇನೆ ಅವ್ವ.
ಇಪ್ಪತ್ತಾರು. ಇಪ್ಪತ್ತಾರು. ಇಪ್ಪತ್ತನಾಲ್ಕು.

ಲೋರ್ನಾ, ಅವನ ಹೆಂಡತಿ, ಮೂಲೆಯ ಕುರ್ಚಿಯಲ್ಲಿ.
ಮಡಿಲಲ್ಲಿ ಪ್ಲಾಸ್ಟಿಕ್ ಚೀಲ, ಒಳಗೆ ಅವನ ಬೂಟು,
ಬೂಟಿನ ಮೇಲೆ ಬೆಳ್ಳಗೆ ಒಣಗಿದ ಕಲೆ.
ಏನು ಕೊಡುತ್ತಿದ್ದೀ ಎಂದಳು. ಉಪ್ಪು ಎಂದೆ.
ಫಕ್ಕನೆ ನಕ್ಕುಬಿಟ್ಟಳು:
‘ಬಿ.ಪಿ. ಅಂತ ಅವನಿಗೆ ಉಪ್ಪು ಬಿಡಿಸಿ ಆರು ವರ್ಷ.
ಮೊಟ್ಟೆಗೂ ಹಾಕಿ ಕೊಟ್ಟಿಲ್ಲ.’
ಸ್ವಲ್ಪ ಹೊತ್ತು ಸುಮ್ಮನಿದ್ದು,
‘ಇಂಥ ಚಳಿಗೆ ರಸ್ತೆಯಲ್ಲಿ ಉಪ್ಪೂ ಹಿಡಿಯುವುದಿಲ್ಲ,
ಮರಳೇ ಗತಿ ಅನ್ನುತ್ತಾನೆ.’

ಅವಳು ಹೇಳಬಾರದಿತ್ತು. ಅಥವಾ ಹೇಳಿದ್ದಕ್ಕೂ ಆದದ್ದಕ್ಕೂ
ಸಂಬಂಧವೇ ಇಲ್ಲ.
ಐದಕ್ಕೆ ರಕ್ತದ ಸೋಡಿಯಂ ಮಿತಿಯ ಅಂಚಿನಲ್ಲಿ.
ಐದೂ ಹತ್ತಕ್ಕೆ ಎಡಗಣ್ಣ ಪಾಪೆ ನಾಲ್ಕು.
ಟಾರ್ಚಿನ ಬ್ಯಾಟರಿ ಸರಿಯಿದೆಯೇ ಎಂದು ನನ್ನ ಅಂಗೈಗೆ ಬಿಟ್ಟು ನೋಡಿದೆ.
ಮತ್ತೆ ಎತ್ತಿದೆ ರೆಪ್ಪೆ. ಐದು. ಅಲುಗಲಿಲ್ಲ.

ಜಾಗವಿಲ್ಲದ ಮನೆಗೆ ಕೊನೆಯ ಉಪಾಯ ಗೋಡೆ ತೆಗೆಯುವುದು.
ಲೋರ್ನಾ ನಿಂತೇ ಸಹಿ ಮಾಡಿದಳು.
ಸರ್ಜನ್ ಹೇಳಿದ್ದೆಲ್ಲ ಕೇಳಿ (ಉಳಿಯಬಹುದು,
ಉಳಿದರೂ ಮಾತು ಬರದಿರಬಹುದು)
ಅವಳು ಕೇಳಿದ್ದು ಒಂದೇ:
‘ತೆಗೆದ ಮೂಳೆ ಎಲ್ಲಿಡುತ್ತೀರಿ?’
ಫ್ರೀಜರಿನಲ್ಲಿ, ಹೆಸರು, ತಾರೀಖು ಬರೆದು.
ತಲೆಯಾಡಿಸಿದಳು. ‘ಗ್ಯಾರೇಜಿನ ಫ್ರೀಜರಿನ ತುಂಬ ಅವನು ಹಿಡಿದ ಮೀನು.
ಎಲ್ಲದಕ್ಕೂ ತಾರೀಖು ಹಾಕಿದ್ದಾನೆ.’

ಮಂಚವನ್ನು ಥಿಯೇಟರಿನವರೆಗೆ ತಳ್ಳಿದೆವು,
ಮೂವತ್ತು ಡಿಗ್ರಿ ತಪ್ಪದಂತೆ, ಲಿಫ್ಟಿನಲ್ಲೂ.

ಏಳೂವರೆಗೆ ಹೊರಬಂದೆ.
ಅವನು ಇನ್ನೂ ಒಳಗೇ.
ಬೂಟಿನಡಿ ಮರಳು ಕರಕರ ಎಂದಿತು.
ರಾತ್ರಿಯೇ ಯಾರೋ ಹಾಕಿ ಹೋಗಿದ್ದರು.