ಕಂದು ಉಂಗುರ

ಗೆದ್ದ ಮರುದಿನ ಪತ್ರಿಕೆಯ ಹುಡುಗ ಬಂದಿದ್ದ.
"ನಿಮ್ಮ ತಂಡದ ಕೆಮಿಸ್ಟ್ರಿ ಬಗ್ಗೆ ಎರಡು ಮಾತು" ಅಂದ.
ಕೇಳಿದ್ದು ನನ್ನನ್ನು,
ಪಿಯುಸಿಯಲ್ಲಿ ಕೆಮಿಸ್ಟ್ರಿಗೆ ಎರಡು ಸಲ ಡುಮ್ಕಿ ಹೊಡೆದವಳನ್ನು,
ಹದಿನಾಲ್ಕನೇ ನಂಬರಿನ ಅಂಗಿ ಬೆವರದಿದ್ದರೂ
ಒಗೆದು ಒಗೆದು ಬಣ್ಣ ಕಳೆದವಳನ್ನು.

ಬೆಂಚಿನಿಂದ ಏನೆಲ್ಲ ಕಾಣುತ್ತದೆ.
ಮಲ್ಲೇಶ್ವರದ ನಮ್ಮ ಅಂಗಳದಲ್ಲಿ
ಹೊಂಗೆ ಹೂವು ಬಿದ್ದರೆ ಮೂರಂಕದ ಗೆರೆ ಮುಚ್ಚಿಹೋಗುತ್ತದೆ.
ಆದರೂ ಫರ್ಹೀನಳ ಕಾಲಿಗೆ ಗೊತ್ತು ಗೆರೆ ಎಲ್ಲಿದೆ ಅಂತ.
ನೀಲಸಂದ್ರದಿಂದ ಎರಡು ಬಸ್ಸು ಬದಲಿಸಿ ಬರುವವಳು,
ಶೂ ಕಟ್ಟುವ ಮೊದಲೇ ರಿಂಗನ್ನೊಮ್ಮೆ ದಿಟ್ಟಿಸುವವಳು
ಸಾಲ ಕೊಟ್ಟವಳ ಹಾಗೆ.
ಬೋಜಮ್ಮ, ಆರಡಿ ಒಂದಿಂಚು,
ಬೋರ್ಡಿನ ಕೆಳಗೆ ನಿಂತರೆ
ಬಾಗಿಲಿಗೆ ಅಗುಳಿ ಬಿದ್ದಂತೆಯೇ.
ಮರ್ಫಿ ಟೌನಿನ ಎಳಿಲ್ ಚೆಂಡು ಬಡಿಯುತ್ತ ಬಂದರೆ
ಒಗ್ಗರಣೆ ಸಿಡಿದ ಸದ್ದು.
ಮೂವರೂ ಮಹಾರಾಣಿಯರೇ. ಒಂದು ಊರಿಗೆ ಒಬ್ಬಳು ಸಾಕು.
ಒಂದು ತಂಡದಲ್ಲಿ ಮೂವರು!
ಮುನಿರಾಜು ಸರ್ ಅದಕ್ಕೇ
ವಿಸಲ್ಲಿನ ದಾರಕ್ಕೆ ಬಿಪಿ ಮಾತ್ರೆಯ ಪುಟ್ಟ ಡಬ್ಬಿ
ಜೋತುಹಾಕಿಕೊಂಡಿದ್ದರು.

ಮಂಡ್ಯದ ಸೆಮಿಫೈನಲ್ಲಿನಿಂದ
ಬೋಜಮ್ಮ, ಫರ್ಹೀನ್ ಮಾತು ಬಿಟ್ಟಿದ್ದರು.
ಕೊನೆಯ ಎಸೆತ ಯಾರದು ಅನ್ನುವಲ್ಲಿ ಶುರುವಾದದ್ದು
ಪೇಪರಿನಲ್ಲಿ ಯಾರ ಫೋಟೋ ಬಂತು ಅನ್ನುವುದಕ್ಕೆ ಮುಟ್ಟಿ
ಯಾವುದೋ ಕಾಲದಲ್ಲಿ ಕಳೆದುಹೋದ
ಫೋನ್ ಚಾರ್ಜರಿನವರೆಗೂ ಹೋಗಿತ್ತು.
"ಅವಳಿಗೆ ಹೇಳು, ಬಾಟಲಿ ಕೊಡಲಿ."
"ಅವಳಿಗೆ ಹೇಳು, ತಗೊಳ್ಳಲಿ."
ನಡುವೆ ನಾನು, ಹದಿನಾಲ್ಕನೇ ನಂಬರಿನ ಅಂಚೆ.

ಕೂರಿಸಿ ಮಾತಾಡಿಸೋಣ ಅಂದರು ಸರ್.
ಬೇಡ ಸರ್ ಅಂದೆ. ಯಾಕೆ ಅಂದೆನೋ.
ನೆನಪಾಗಿದ್ದು ಕಾಲೇಜಿನ ಲ್ಯಾಬು,
ಕೊಳೆತ ಮೊಟ್ಟೆಯ ನಾತ, ಕೈಯಲ್ಲಿ ನಡುಗುವ ಪ್ರನಾಳ,
ಲಲಿತಾಬಾಯಿ ಮೇಡಮ್ಮಿನ ಬೈಗುಳ:
"ಆಸಿಡ್ಡನ್ನು ಗಾಜಿನ ಗೋಡೆಗುಂಟ ಇಳಿಬಿಡು, ನಿಧಾನ.
ಕೆಳಗೊಂದು ಮೇಲೊಂದು ನಿಲ್ಲಲಿ.
ಕಂದು ಉಂಗುರ ಹುಟ್ಟುವುದು ಎರಡೂ ಮುಟ್ಟುವಲ್ಲಿ ಮಾತ್ರ.
ಅಲ್ಲಾಡಿಸಬೇಡ ಕಣೇ, ಕತ್ತೆ."
ಅಲ್ಲಾಡಿಸಿದ್ದೆ.

ಫೈನಲ್ಲು ಕಂಠೀರವದಲ್ಲಿ. ಹೊರಗೆ ಮೋಡ ಕವಿದಿತ್ತು.
ಉಳಿದದ್ದು ಹನ್ನೊಂದು ಸೆಕೆಂಡು, ನಾವು ಒಂದಂಕ ಹಿಂದೆ.
ಎಳಿಲ್ ಒಳಕ್ಕೆ ನುಗ್ಗಿ ಬೋಜಮ್ಮನಿಗೆ ಕೊಟ್ಟಳು.
ಇಬ್ಬರು ಅವಳ ಮೇಲೆ ಬಿದ್ದರು, ಮೂರನೆಯವಳೂ ವಾಲಿದಳು.
ಆದರೂ ಹೊಡೆಯಬಹುದಿತ್ತು. ಹೊಡೆಯುವವಳೇ ಅವಳು.
ಹೊಡೆಯಲಿಲ್ಲ. ತಿರುಗಿಯೂ ನೋಡದೆ
ಹೆಗಲ ಹಿಂದಕ್ಕೆ ಬಿಟ್ಟಳು ಚೆಂಡು,
ಎಡಕ್ಕಲ್ಲ, ಬಲಕ್ಕೆ, ಎಂದಿಗಿಂತ ಒಂದು ಗೇಣು ಎತ್ತರಕ್ಕೆ.
ಮೋಡದ ದಿನ ಫರ್ಹೀನಳ ಎಡಮಂಡಿ ಹಿಡಿಯುತ್ತದೆ,
ಬಗ್ಗಲಾರಳು.
ಅವಳ ಅಮ್ಮನಿಗೂ ಇದು ಗೊತ್ತಿಲ್ಲ, ಡಾಕ್ಟರಿಗೂ ಹೇಳಿಲ್ಲ.
ಮಾತು ಬಿಟ್ಟವಳಿಗೆ ಗೊತ್ತಿತ್ತು.

ಚೆಂಡು ಬಲೆಗೆ ಇಳಿದ ಸದ್ದು
ಗಂಜಿ ಹಾಕಿದ ಸೀರೆ ಕೊಡವಿದ ಹಾಗೆ.
ಆಮೇಲೆ ಏನೂ ಕೇಳಿಸಲಿಲ್ಲ.
ಎಲ್ಲರೂ ಎಲ್ಲರನ್ನೂ ಅಪ್ಪಿಕೊಂಡರು,
ಅವರಿಬ್ಬರು ಒಬ್ಬರನ್ನೊಬ್ಬರು ಬಿಟ್ಟು.

ರಾತ್ರಿ ಎಂಟನೇ ಕ್ರಾಸಿನ ಗಾಡಿಯ ಮುಂದೆ
ಟ್ರೋಫಿಯನ್ನು ಸ್ಕೂಟರಿನ ಸೀಟಿನ ಮೇಲೆ ಕೂರಿಸಿ
ಮಸಾಲೆಪುರಿಗೆ ಕಾಯುತ್ತ ನಿಂತೆವು.
ಫರ್ಹೀನ್ ಗಾಡಿಯವನಿಗೆ, ಬೇರೆಲ್ಲೋ ನೋಡುತ್ತ:
"ಅಣ್ಣಾ, ಏಳರಲ್ಲಿ ಒಂದಕ್ಕೆ ಈರುಳ್ಳಿ ಬೇಡ."
ಅವಳು ಈರುಳ್ಳಿ ಬಿಡುವವಳಲ್ಲ. ನಾನೂ ಅಲ್ಲ.
ಬೋಜಮ್ಮ ಆ ತಟ್ಟೆ ತಗೊಂಡಳು. ಅರ್ಧ ತಿಂದು, ನನ್ನ ಕಡೆ ತಿರುಗಿ,
"ಅವಳಿಗೆ ಹೇಳು, ಖಾರ ಜಾಸ್ತಿಯಾಯ್ತು" ಅಂದಳು.
ಹೇಳಿದೆ.

ಇದನ್ನೆಲ್ಲ ಆ ಹುಡುಗನಿಗೆ ಹೇಳಲಿಲ್ಲ.
"ಎಲ್ಲರೂ ಅಕ್ಕತಂಗಿಯರ ಹಾಗಿದ್ದೇವೆ" ಅಂದೆ.
ಬರೆದುಕೊಂಡ.
ನನ್ನ ಹೆಸರು ಕೇಳುವುದನ್ನು ಮರೆತು ಹೋದ.